ಹನ್ನೊಂದನೆಯ ಎಲೆ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು, ಬರೆಯದೆ ಎದ್ದಿದ್ದೇನೆ. ಮೇಲವಂಕಿಯಲ್ಲಿ ನಮ್ಮ ಓಣಿಗೆ ನಲ್ಲಿ ನೀರು ಬಿಡುತ್ತಿದ್ದವನ ವಿಷಯ. ಕಬ್ಬಿನ ಗಾಣಕ್ಕೆ ಸಿಕ್ಕು ಅವನ ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ.

ಮಧ್ಯಾಹ್ನ ಕಟ್ಟೆಗೆ ಬಂದು ಇಪ್ಪತ್ತೊಂದು ಇಸ್ಪೀಟೆಲೆಗಳನ್ನು ಮೂರು ಸಾಲಾಗಿ ಹಾಸುತ್ತಿದ್ದ. ನಾವು ಒಂದು ಎಲೆ ನೆನೆದು, ಅದಿರುವ ಸಾಲನ್ನಷ್ಟೇ ಹೇಳಬೇಕು. ಆ ಸಾಲನ್ನು ನಡುವೆ ಇಟ್ಟು ಎಲ್ಲವನ್ನೂ ಕೂಡಿಸುತ್ತಿದ್ದ. ಮೂರು ಸಲ ಹೀಗೆ ಮಾಡಿ ಎಣಿಸಿದರೆ ನಮ್ಮ ಎಲೆ ಹನ್ನೊಂದನೆಯದಾಗಿ ಬರುತ್ತಿತ್ತು.

"ಇದರಾಗ ಕೈಚಳಕ ಏನೂ ಇಲ್ರಿ, ಬರೇ ಎಣಿಕಿ," ಎನ್ನುತ್ತಿದ್ದ. ಆ ಗುಟ್ಟನ್ನು ನನಗೊಬ್ಬನಿಗೇ ಕಲಿಸಿದ್ದ.

ಒಂದು ದಿನ ಹೊತ್ತು ಕಳೆಯಲು ಆಡಿದ ಇಸ್ಪೀಟು ಆಟದಲ್ಲಿ ಅವನೆದುರು ಮೂರು ಸಲ ಸೋತೆ. "ಇಂವ ಎಲಿ ಬದಲ ಮಾಡ್ತಾನ!" ಎಂದು ಕೂಗಿಬಿಟ್ಟೆ.

"ಜಾದೂಗಾರ ಮತ್ತೇನ ಮಾಡ್ತಾನಪಾ?" ಎಂದು ಬಾಜೂ ಕುಳಿತವನೊಬ್ಬ ನಕ್ಕ.

ನೀರು ಬಿಡುವವನು ನನ್ನನ್ನೇ ನೋಡಿದ. "ಅಣ್ಣಾರ, ನಿಮಗ ಗೊತ್ತೈತಲ್ರಿ. ಹೇಳ್ರಿ."

ನಾನು ಬಗ್ಗಿ ಚಪ್ಪಲಿ ಹುಡುಕಿದೆ.

ಮಡಚದ ಬೆರಳಿನಿಂದ ಎಲೆ ಬದಲಿಸುವುದು ಹೇಗೆಂದು ಯಾರೂ ಕೇಳಲಿಲ್ಲ. ಅವನೂ ಕೈ ಎತ್ತಿ ತೋರಿಸಲಿಲ್ಲ. ಏಕೆಂದು ನನಗೆ ಇನ್ನೂ ತಿಳಿದಿಲ್ಲ. ಆಮೇಲೆ ಅವನನ್ನು ಯಾರೂ ಆಟಕ್ಕೆ ಕರೆಯಲಿಲ್ಲ. ನಮ್ಮ ಓಣಿಯ ನೀರನ್ನು ಮಾತ್ರ ಅವನು ಒಂದು ದಿನವೂ ತಪ್ಪಿಸಲಿಲ್ಲ. ಅದು ಸಿಟ್ಟೋ, ಕ್ಷಮೆಯೋ, ಬರೀ ಕೆಲಸವೋ, ನನಗೆ ಅರ್ಥವಾಗಲಿಲ್ಲ.

ಹೋದ ವರ್ಷ ಹುಕ್ಕೇರಿ ಬಸ್ ನಿಲ್ದಾಣದಲ್ಲಿ ಸಿಕ್ಕ. ಸರಿದು ನನಗೆ ಜಾಗ ಕೊಟ್ಟು, "ಆರಾಮ ಅದೀರೇನ್ರಿ, ಅಣ್ಣಾರ?" ಎಂದ.

ತಪ್ಪಾಯಿತು ಎನ್ನಲು ಬಾಯಿ ತೆರೆದೆ.

"ಆರಾಮ," ಎಂದೆ.