ಡ್ರಿಲ್ ತಾತನ ಮನೆಗೆ ಮೂರು ಸಲ

ನಮ್ಮ ಬೀದಿಯಲ್ಲಿ ಗೋಡೆಗೊಂದು ಮೊಳೆ ಹೊಡೆಯಬೇಕಾದರೂ ಎದುರು ಮನೆಯ ತಾತನ ಬಾಗಿಲು ತಟ್ಟಬೇಕಿತ್ತು. ಪೈಪ್ ಫಿಟ್ಟರ್ ಆಗಿ ನಿವೃತ್ತರಾದವರು. ಸುತ್ತಿಗೆ, ಗರಗಸ, ರಸಮಟ್ಟ ಎಲ್ಲಕ್ಕೂ ಅವರೇ ಗತಿ. ಎಲ್ಲರ ಬಾಯಲ್ಲೂ ಅವರು ಡ್ರಿಲ್ ತಾತ. ಹೆಂಡತಿ ತೀರಿಕೊಂಡು ಆರು ವರ್ಷ, ಮಕ್ಕಳಿಲ್ಲ. ಸಾಮಾನು ಕೇಳುವವರನ್ನು ಬಿಟ್ಟರೆ ಆ ಮನೆಯ ಮೆಟ್ಟಿಲು ಹತ್ತುವವರೇ ಇರಲಿಲ್ಲ.

ಕೇಳಿದ್ದನ್ನು ಅವರು ಇಲ್ಲವೆನ್ನುತ್ತಿರಲಿಲ್ಲ, ಒಂದೇ ಸಲಕ್ಕೆ ಪೂರ್ತಿ ಕೊಡುತ್ತಲೂ ಇರಲಿಲ್ಲ. ಡ್ರಿಲ್ ಕೊಟ್ಟರೆ ತೂತು ಕೊರೆಯುವ ಬಿಟ್ ಅಲ್ಲೇ ಉಳಿಯುತ್ತಿತ್ತು. ಮತ್ತೆ ಹೋದರೆ, ಮರೆತೇ ಹೋಯಿತು ನೋಡಿ ಎಂದು ಹಣೆ ಚಚ್ಚಿಕೊಂಡು, ಕುರ್ಚಿ ಎಳೆದು ಕೂರಿಸಿ, ಅರ್ಧ ಗಂಟೆ ಹುಡುಕುವರು. ಹುಡುಕುತ್ತಲೇ ಗೋಡೆ ಇಟ್ಟಿಗೆಯದೋ ಕಾಂಕ್ರೀಟೋ, ಶೆಲ್ಫಿನ ಮೇಲೆ ಏನಿಡುತ್ತೀರಿ ಎಂದೆಲ್ಲ ವಿಚಾರಣೆ.

ನನಗೋ ಮೂಗಿನ ತುದಿಯಲ್ಲೇ ಕೋಪ. ಅಡುಗೆಮನೆ ಹೊಸದು ಮಾಡುತ್ತಿದ್ದ ತಿಂಗಳು, ಒಂದೇ ಒಂದು ಶೆಲ್ಫಿಗೆ ಮೂರು ಸಲ ಬೀದಿ ದಾಟಿಸಿದರು. ಜಿಪುಣ ಮುದುಕ ಎಂದು ಗೊಣಗುತ್ತ ನೇರ ಅಂಗಡಿಗೆ ಹೋಗಿ, ಬಿಟ್‌ಗಳ ಸಮೇತ ಡ್ರಿಲ್ ತಂದೆ. ಸ್ವಂತದ್ದು ಅಂದರೆ ಸ್ವಂತದ್ದೇ! ಬೇಕೆಂದಾಗ ಕೈಗೆ ಸಿಗುತ್ತದೆ, ಯಾರ ಹಂಗೂ ಇಲ್ಲ. ಅಷ್ಟಕ್ಕೇ ಸುಮ್ಮನಿದ್ದೆನೇ? ಬೀದಿಗೆಲ್ಲ ಡಂಗುರ ಸಾರಿದೆ. ಪಕ್ಕದ ಟೈಲರಮ್ಮ ಒಂದು ತಂದಳು, ಮೇಲಿನ ಮನೆಯ ಮೇಷ್ಟ್ರು ಪೆಟ್ಟಿಗೆ ತುಂಬ ಸಾಮಾನು ತಂದರು. ವರ್ಷ ತುಂಬುವುದರೊಳಗೆ ತಾತನ ಮನೆ ಕಡೆ ತಲೆ ಹಾಕುವವರಿಲ್ಲ. ನಾನೂ ಹೋಗಲಿಲ್ಲ. ಎದುರು ಮನೆಯಲ್ಲೇ ಇದ್ದೂ ಹೋಗಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ತಾತನೇ ನಮ್ಮ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಹಾಕಿದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ. ಡ್ರಿಲ್ ಬೇಕಿತ್ತಂತೆ.

"ನಿಮ್ಮದೇನಾಯ್ತು ತಾತ, ಕೆಟ್ಟುಹೋಯ್ತಾ?" ಎಂದೆ. ನನ್ನ ನಾಲಿಗೆಗೆ ಎಲುಬಿಲ್ಲ.

"ಇಲ್ಲಮ್ಮ, ಚೆನ್ನಾಗೇ ಇದೆ."

ಹಾಗೆಂದು ಅವರು ನೆಲ ನೋಡಿದರು. ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ, ಹೊಳೆದಾಗ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಒಳಗೆ ಓಡಿ ಡ್ರಿಲ್ ತಂದು ಕೈಗಿಟ್ಟೆ. ಒಳ್ಳೆಯವಳಾಗುವ ಆತುರದಲ್ಲಿ, ನಿಧಾನಕ್ಕೆ ಕೊಡಿ, ನನಗೇನೂ ಅವಸರವಿಲ್ಲ, ತಿಂಗಳಾದರೂ ಇಟ್ಟುಕೊಳ್ಳಿ ಎಂದೆ.

ತಾತನ ಮುಖ ಸಣ್ಣದಾಯಿತು.

"ನಾಳೆ ಬೆಳಿಗ್ಗೇನೇ ಬೇಕು ಅನ್ನಮ್ಮ," ಎಂದರು. "ತಂದುಕೊಡೋಕೆ ಬರ್ತೀನಿ."