ಹಡಗಿನಲ್ಲಿ ಕೊಟ್ಟ ಬಟ್ಟೆ

“ಅಂಚು ಬ್ಯಾಡ, ತಮ್ಮಾ. ಬರೇ ಬಿಳೀದ ಕೊಡು,” ಎಂದರು ಮುಸ್ಲಿಂ ಅಜ್ಜಿಯೊಬ್ಬರು. ಬಿಳಿ ಹತ್ತಿ ಬಟ್ಟೆ ಕೇಳಿಕೊಂಡು ಶಹಾಪುರದ ನನ್ನ ಅಂಗಡಿಗೆ ಬಂದಿದ್ದ ಅವರ ಮುಂದೆ ನಾನು ಕೆಂಪಂಚಿನ ಹೊದಿಕೆಗಳನ್ನೇ ಹರಡಿ ಹೊಗಳುತ್ತಿದ್ದೆ. ಅವು ನಮ್ಮ ಮನೆಯ ಮಗ್ಗದ ಅಂಚುಗಳು, ಹೊಗಳದೆ ಇರಲಾರೆ. ಯಾರಿಗೆ ಬೇಕೆಂದು ಕೇಳಿದೆ.

“ನನಗ. ಕಫನ್‌ಗೆ.”

ಅಂಚಿನ ಮೇಲಿಂದ ಕೈ ತೆಗೆದೆ. ಹಜ್‌ಗೆ ಹೋದವರು ಮುಂದೆ ತಮ್ಮ ಹೆಣಕ್ಕೆ ಹೊದಿಸಬೇಕಾದ ಕಫನ್ ಬಟ್ಟೆಯನ್ನು ಮೆಕ್ಕಾದ ಜಮ್‌ಜಮ್ ಬಾವಿಯ ಪವಿತ್ರ ನೀರಿನಲ್ಲಿ ಅದ್ದಿ ತಂದು ಜೋಪಾನವಾಗಿ ಇಡುವುದು ನನಗೆ ಗೊತ್ತಿತ್ತು. ನೀವು ಹಜ್‌ಗೆ ಹೋಗಲಿಲ್ಲವೇ ಎಂದೆ. ಹೋಗಿದ್ದರು. ಹಡಗಿನ ಕಾಲ ಅದು, ಮುಂಬೈಯಿಂದ ಗಂಡನ ಜೊತೆ. ಬಟ್ಟೆಯನ್ನೂ ಅದ್ದಿ ತಂದಿದ್ದರು. ಆದರೆ ಮರಳುವಾಗ ಪಕ್ಕದ ಹಾಸಿಗೆಯಲ್ಲಿದ್ದ ಹೆಂಗಸು ನಡುಗಡಲಲ್ಲಿ ತೀರಿಕೊಂಡಳು. ದಡ ಇನ್ನೂ ಮೂರು ದಿನ ದೂರವಿತ್ತು. ಸಮುದ್ರಕ್ಕೇ ಒಪ್ಪಿಸಬೇಕಾಯಿತು.

“ಆಕೀ ಹತ್ರ ಕಫನ್ ಅರಿವಿ ಇದ್ದಿಲ್ಲ. ನಂದು ಕೊಟ್ಟೆ,” ಎಂದರು ಅಜ್ಜಿ. “ಮೊದಲಿಂದನೂ ವಾಂತಿ ಮಾಡ್ಕೋತ ಮಲಗಿದ್ಳು. ಹೆಸರು ಸುದ್ದಾ ಕೇಳಿದ್ದಿಲ್ಲ ನೋಡು.”

ಹೊದಿಕೆಗಳನ್ನು ಮಡಚಿ ಬದಿಗಿಟ್ಟೆ. ಅಂಚಿಲ್ಲದ ಥಾನು ತೆಗೆದು, ಅವರು ಹೇಳಿದಷ್ಟು ಅಳೆದು ಕತ್ತರಿಸಿದೆ. ಬಟ್ಟೆಯನ್ನು ಅವರು ಒಮ್ಮೆ ಕೆನ್ನೆಗೆ ಒತ್ತಿ ನೋಡಿ, ಚೀಲಕ್ಕೆ ಹಾಕಿಕೊಂಡರು.

ಗಿರಾಕಿಗಳು ಮೆಟ್ಟಿಲಿಳಿಯುವಾಗ “ಮತ್ತ ಬರ್ರಿ” ಎನ್ನುವುದು ನನ್ನ ಮೂವತ್ತು ವರ್ಷದ ರೂಢಿ. ಅಂದು ಆ ಮಾತು ಬಾಯಿಗೆ ಬರಲಿಲ್ಲ. ಗಾದಿಯಿಂದ ಎದ್ದು, ಅವರು ಓಣಿ ದಾಟುವವರೆಗೂ ನಿಂತೇ ಇದ್ದೆ.