ಅಮ್ಮನ ಗಂಟಲಲ್ಲಿ ಕೂತ ಮಾರಮ್ಮ

ಎರಡು ವರ್ಷದ ಹಿಂದಿನ ಮಾತು. ಬಸವನಗುಡಿಯಲ್ಲಿ ಬಾಡಿಗೆ ಮನೆಗೆ ಬಂದ ಮೇಲೆ ಅದು ನಮ್ಮ ಮೊದಲ ದಸರಾ. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ನಾನು ಸರ್ಕಾರಿ ನೌಕರಿಯಲ್ಲಿರುವವಳು. ಅಮ್ಮ ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಪುಸ್ತಕ ಬೈಂಡ್ ಮಾಡಿ ನನ್ನನ್ನು ಓದಿಸಿದವಳು. ಬಾಯಿ ಜೋರು, ನನಗೆ ಬಂದಿರುವುದೂ ಅದೇ ಬಾಯಿ. ಈ ಮನೆ ಸಿಗುವ ಮೊದಲು ನಾನು ಎಷ್ಟು ಬಾಗಿಲು ತಟ್ಟಿದ್ದೆ, ನಮ್ಮ ಜಾತಿ ತಿಳಿದು ಎಷ್ಟು ಜನ “ಆಗ್ಲೇ ಬೇರೆಯೋರಿಗೆ ಕೊಟ್ಟಾಯ್ತು” ಅಂದಿದ್ದರು ಎಂಬುದೆಲ್ಲ ಅವಳಿಗೆ ಗೊತ್ತಿತ್ತು.

ಮೇಲಿನ ಮಹಡಿಯಲ್ಲಿ ಮನೆ ಮಾಲೀಕರು. ಅವರ ಹೆಂಡತಿ ಶಾರದಮ್ಮ ದಸರಾ ಗೊಂಬೆ ನೋಡಲು ಅಮ್ಮನನ್ನು ಕರೆದಿದ್ದರು. ನಾನು ಆಫೀಸಿನಲ್ಲಿದ್ದೆ. ಅವತ್ತು ರಾತ್ರಿ ಅಮ್ಮ ಊಟ ಮಾಡಲಿಲ್ಲ. “ಗಂಟ್ಲಲ್ಲಿ ಏನೋ ಸಿಕ್ಕಂಡೈತೆ” ಅಂದಳು. ಮರುದಿನವೂ ಅದೇ. ಜೀವಮಾನವಿಡೀ ಮುದ್ದೆ ನುಂಗಿದ ಹೆಂಗಸು ಗಂಜಿಗೆ ಇಳಿದಳು. ಕಡಲೆಕಾಯಿ ಪರಿಷೆ ಬಂತು, ಹೋಯಿತು. ಅಮ್ಮ ಒಂದು ಕಾಯಿಯನ್ನೂ ಬಿಡಿಸಲಿಲ್ಲ. ರವಿಕೆಗಳು ಭುಜದಿಂದ ಜಾರತೊಡಗಿದವು. ಕೆಟ್ಟ ಕಾಯಿಲೆಯೇ ಇರಬೇಕೆಂದು ನನ್ನ ನಿದ್ದೆ ಹಾರಿಹೋಯಿತು. ಗಂಟಲಿನ ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿ, “ಏನೂ ಇಲ್ಲ. ಒಂದ್ಸಲ ಮನಸ್ಸಿನ ಡಾಕ್ಟರಿಗೆ ತೋರಿಸಿ” ಎಂದರು.

“ನಂಗೇನ್ ಹುಚ್ಚಾ?” ಅಮ್ಮ ಗುಡುಗಿದಳು. ಗಂಟಲು ಹಿಡಿದ ಮೇಲೆ ಅವಳು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು. ನಾನು ಬಿಡಲಿಲ್ಲ.

ಮಲ್ಲೇಶ್ವರದಲ್ಲಿ ನಾವು ಹೋದ ವಯಸ್ಸಾದ ಡಾಕ್ಟರಮ್ಮ ಮನೋವಿಶ್ಲೇಷಣೆ ಕಲಿತವರು. ಮಾತ್ರೆ ಬರೆಯಲಿಲ್ಲ. “ಮನಸ್ಸಿಗೆ ಬಂದಿದ್ದೆಲ್ಲ ಹೇಳ್ತಾ ಹೋಗಿಮ್ಮ. ಇದು ಹೇಳ್ಬೋದು, ಇದು ಹೇಳ್ಬಾರ್ದು ಅಂತ ಆರಿಸ್ಬೇಡಿ” ಎಂದರು. ಅಮ್ಮ ನನ್ನ ಕೈ ಬಿಡಲೊಲ್ಲಳು. “ಸರಿ, ಮಗಳೂ ಕೂರ್ಲಿ. ಆದ್ರೆ ಮಧ್ಯ ಬಾಯಿ ಹಾಕೋ ಹಾಗಿಲ್ಲ.” ನನ್ನ ಮುಖ ನೋಡಿದ ಕೂಡಲೇ ಅವರಿಗೆ ನನ್ನ ಸ್ವಭಾವ ತಿಳಿದಿರಬೇಕು.

ಮೊದಲ ಭೇಟಿಗಳಲ್ಲಿ ಅಮ್ಮ ಪ್ರೆಸ್ಸಿನ ಮೈದಾ ಅಂಟು, ಅಪ್ಪನ ಸಾವು, ಹಳೇ ಮನೆಯ ಬೆಕ್ಕು ಎಂದು ಏನೇನೋ ಮಾತಾಡಿದಳು. ಇದರಿಂದೇನು ಉಪಯೋಗ ಎಂದು ನನಗೆ ರೇಗುತ್ತಿತ್ತು. ಒಂದು ದಿನ ಡಾಕ್ಟರಮ್ಮ, “ಇದು ಶುರುವಾದಾಗ ಏನ್ ತಿಂತಿದ್ರಿ?” ಎಂದು ಕೇಳಿದರು.

“ಕಡ್ಲೆಕಾಳು ಉಸ್ಲಿ. ಗೊಂಬೆ ಮನೇಲಿ” ಎಂದಳು ಅಮ್ಮ. ಆಮೇಲೆ ಹೊರಬಂತು: “ಆಯಮ್ಮ ಎಲ್ಲಾರ್ ಮುಂದೆ ನಿಮ್ಮನೆದೇವ್ರು ಯಾವ್ದು ಅಂತ ಕೇಳಿದ್ರು. ನಾನ್ ಬಾಯಿ ತೆಗೆಯೋದ್ರೊಳ್ಗೆ ಅವ್ರೇ, ‘ನಮ್ಮೋರೇ ಅಂತ ಬ್ರೋಕರ್ ಹೇಳಿದಾನೆ, ತಿಮ್ಮಪ್ಪನೇ ಇರ್ಬೇಕು’ ಅಂದ್ರು. ಹೂಂ ಅಂದ್ಬುಟ್ಟೆ. ಇಲ್ಲಾಂದ್ರೆ ಇವ್ಳಿಗೆ ಮನೆ ತಪ್ಪೋಯ್ತದಲ್ಲಾ ಅಂತ.”

ಜಾತಿ ಕೇಳಲು ನಾಚಿಕೆಪಡುವವರು ನಮ್ಮಲ್ಲಿ ಮನೆದೇವರನ್ನು ಕೇಳುತ್ತಾರೆ. ಮನೆ ಕೊಡಿಸಿದ ಬ್ರೋಕರ್ ಹಾಗೆ ಸುಳ್ಳು ಹೇಳಿದ್ದು ನನಗೆ ಗೊತ್ತೇ ಇರಲಿಲ್ಲ. ಸಿಟ್ಟಿನಲ್ಲಿ ಎದ್ದು ನಿಂತೆ. ಡಾಕ್ಟರಮ್ಮ ಕಣ್ಣಲ್ಲೇ ಕೂರಿಸಿದರು.

“ಮಾರಮ್ಮನ್ನೇ ಇಲ್ಲ ಅಂದಂಗಾಯ್ತು. ಅವ್ಳು ಸಿಟ್ಟಾಗಿ ಗಂಟ್ಲಲ್ಲಿ ಕೂತವ್ಳೆ” ಎಂದು ಅಮ್ಮ ಅತ್ತಳು.

“ಮಾರಮ್ಮ ಅಲ್ಲಮ್ಮ, ನೀವು ಹೇಳ್ದೇ ಉಳಿಸ್ಕೊಂಡ ಮಾತು.”

“ಎರಡೂ ಒಂದೇ ಅಲ್ವಾ ಡಾಕ್ಟ್ರೇ?”

“ಇರ್ಬೋದು” ಎಂದು ನಕ್ಕರು ಡಾಕ್ಟರಮ್ಮ. ಹೊರಡುವಾಗ ನನಗೆ ಹೇಳಿದರು: “ಊರು ಬಾಯಿಬಿಟ್ಟು ಒಪ್ಕೊಳ್ದೇ ಇರೋದು ಹೀಗೆ ಯಾರದೋ ಮೈಯಲ್ಲಿ ಹೋಗಿ ಕೂರುತ್ತೆ. ಬರೀ ಇವ್ರ ಗಂಟಲಿಗೆ ಔಷಧಿ ಕೇಳಿದ್ರೆ ನಾನೆಲ್ಲಿಂದ ತರ್ಲಿ?”

ಆ ಕ್ಷಣವೇ ಶಾರದಮ್ಮನ ಬಾಗಿಲಲ್ಲಿ ಜಗಳಕ್ಕೆ ನಿಲ್ಲಬೇಕು ಅನ್ನಿಸಿತು ನನಗೆ. “ನೀನ್ ಸುಮ್ಕಿರು. ಅವ್ರು ಕೇಳಿದ್ದು ನನ್ನ” ಎಂದಳು ಅಮ್ಮ.

ಸಂಕ್ರಾಂತಿಯ ಸಂಜೆ ಅಮ್ಮ ರೇಷ್ಮೆ ಸೀರೆಯುಟ್ಟು, ಎಳ್ಳು ಬೆಲ್ಲದ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು. ನಾನು ಹಿಂದೆ. ಶಾರದಮ್ಮ ತಟ್ಟೆಗೆ ಕೈ ಚಾಚಿದರು.

“ಅವತ್ತು ನೀವು ಮನೆದೇವ್ರು ಕೇಳಿದ್ರಲ್ಲಮ್ಮ, ನಾನು ಸರ್ಯಾಗಿ ಹೇಳ್ಲಿಲ್ಲ. ನಮ್ಮನೆದೇವ್ರು ಮಾರಮ್ಮ. ಹಬ್ಬಕ್ಕೆ ಕೋಳಿ ಕುಯ್ತೀವಿ. ನಾವು ಎಸ್ಸಿ ಜನ, ಬ್ರೋಕರ್ ಸುಳ್ಳು ಹೇಳವ್ನೆ” ಎಂದಳು ಅಮ್ಮ.

ಶಾರದಮ್ಮನ ಕೈ ತಟ್ಟೆಯ ಮೇಲೆಯೇ ನಿಂತಿತು. “ಓ, ಹೌದಾ” ಎಂದು ಎರಡೇ ಬೆರಳಲ್ಲಿ ಒಂದು ಸಕ್ಕರೆ ಅಚ್ಚು ಎತ್ತಿಕೊಂಡರು. ಎಳ್ಳು ತಂದವರ ತಟ್ಟೆಗೆ ತಿರುಗಿ ಎಳ್ಳು ಹಾಕುವುದು ವಾಡಿಕೆ. ಅವರು ಹಾಕಲಿಲ್ಲ. ನಾನು ಬಾಯಿ ತೆರೆದೆ. ಅಮ್ಮ ನನ್ನ ತೋಳು ಚಿವುಟಿ ಕೆಳಗೆ ಕರೆತಂದಳು.

ಸೀರೆಯನ್ನೂ ಬದಲಿಸದೆ ಮುದ್ದೆ ಕಟ್ಟಿದಳು. ತುತ್ತು ಮುರಿದು, ಸಾರಿಗೆ ಅದ್ದಿ ಬಾಯಿಗಿಟ್ಟಳು. ನಾನು ಅವಳ ಗಂಟಲನ್ನೇ ನೋಡುತ್ತಿದ್ದೆ. ತುತ್ತು ಇಳಿಯಿತು. “ಏನ್ ನೋಡ್ತಿ, ಸಾರು ಹಾಕು” ಎಂದಳು. ಅಳುತ್ತಲೇ ಹಾಕಿದೆ.

ಒಂದೇ ತುತ್ತಿಗೆ ಎಲ್ಲ ಸರಿಹೋಗಲಿಲ್ಲ, ಬೇಸಿಗೆಯವರೆಗೂ ಡಾಕ್ಟರಮ್ಮನಲ್ಲಿಗೆ ಹೋಗಬೇಕಾಯಿತು. ಅಷ್ಟರಲ್ಲಿ ಮಾಲೀಕರು ರಿಪೇರಿಯ ನೆಪ ಹೇಳಿ ನಮ್ಮಿಂದ ಮನೆ ಖಾಲಿ ಮಾಡಿಸಿದ್ದರು. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಹೋಗಲಿ ಎಂದು ಬಿಡುವ ಜಾಯಮಾನ ನನ್ನದಲ್ಲ. ಆದರೆ ಮನೆ ಸಿಗಲಿಕ್ಕಿಲ್ಲ ಎಂಬ ಭಯ ಪೂರ್ತಿ ಹೋಯಿತು. ಅದನ್ನು ಕಳೆದದ್ದು ಅಮ್ಮ.

ಚಾಮರಾಜಪೇಟೆಯಲ್ಲಿ ಈಗಿನ ಮನೆ ನೋಡಲು ಹೋದ ದಿನ ಮಾಲೀಕರು ಬೀಗ ತೆಗೆಯುತ್ತಿದ್ದರು. ಅವರು ಬಾಗಿಲು ತಳ್ಳುವ ಮೊದಲೇ ಅಮ್ಮ ಕೇಳಿಯೇಬಿಟ್ಟಳು: “ನಮ್ಮನೆದೇವ್ರು ಮಾರಮ್ಮ ಸ್ವಾಮಿ. ನಿಮ್ದ್ಯಾವ್ದು?”